ಅವ್ವನ ಆರು ಚೀಟಿ

ದೊಡವಾಡ, ತಾಲೂಕು ಬೈಲಹೊಂಗಲ
ರವಿವಾರ

ಪ್ರೀತಿಯ ತಮ್ಮಗ ಅಕ್ಕನ ಆಶೀರ್ವಾದ.

ಸೋಯಾ ರಾಶಿ ಮುಗದು ಚೀಲ ಪಡಸಾಲ್ಯಾಗ ಬಿದ್ದಾವ, ದರ ಏರಲಿ ಅಂತ ಅಪ್ಪ ಕಾಯಾಕತ್ತಾನ. ಕಡ್ಲಿ ಬಿತ್ತೂದು ನಡದೈತಿ. ಇದನ್ನ ಫೋನಿನ್ಯಾಗೂ ಹೇಳಬಹುದಿತ್ತು. ಆದ್ರ ನಮ್ಮ ಮನ್ಯಾಗ ಫೋನ್ ಬಂತಂದ್ರ ಸ್ಪೀಕರ್ ಹಚ್ಚಿ ನಡುಮನ್ಯಾಗ ಇಡತಾರ, ಮಗ್ಗಲಮನಿ ಕಾಕಿನೂ ಬಂದು ಕೂಡತಾಳ. ಪಾಸ್‌ವರ್ಡಿನ ಮಾತು ಸ್ಪೀಕರಿನ್ಯಾಗ ಆಡೂದಲ್ಲ. ಅದಕ್ಕ ಈ ಕಾಗದ.

ಪಂಚಮಿಗೆ ಬಂದಾಗ ನೀ ಎಲ್ಲಾರಿಗೂ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್ ಹಾಕಿಕೊಟ್ಟು, ಹೆಂಗ ನಡೀತೈತಿ ತಿಳಸು ಅಂತ ಹೇಳಿ ಹೋದಿ. ನನಗ ಚೊಲೋನ ನಡದೈತಿ. ಸೇವಾ ಸಿಂಧು, ಡಿಜಿಲಾಕರ್, ಹೆಸ್ಕಾಂ ಬಿಲ್ಲು, ನನ್ನ ಮೇಲ್, ಯಾವುದರ ಪಾಸ್‌ವರ್ಡೂ ಈಗ ನೆಪ್ಪಿಲ್ಲ, ನೆಪ್ಪಿಡೂ ಜರೂರೂ ಇಲ್ಲ. ನನ್ನ ತಕರಾರು ಬ್ಯಾರೆ ಐತಿ. ನಿನ್ನ ಫೋನು, ನಿನ್ನ ಲ್ಯಾಪ್‌ಟಾಪು, ನನ್ನ ಫೋನು, ಅವ್ವನ ಫೋನು, ಎಲ್ಲಾದರಾಗೂ ನೀ ಹಾಕಿದ್ದು ನಿಂದ ಒಂದ ಖಾತೆ. ಅವ್ವ ಆ್ಯಪ್ ತಗದ್ರ ನಿನ್ನ ಆಫೀಸಿನ ಮೇಲ್‌ನಿಂದ ಹಿಡದು ನಿನ್ನ ಸಿನಿಮಾ ಆ್ಯಪಿನ ತನಕ ಎಲ್ಲಾ ಸಾಲಾಗಿ ಕಾಣತಾವು. ಅಷ್ಟ ಸಲೀಸಾಗಿ ನೀ ಪುಣೇದಾಗ ಕುಂತು ಅವ್ವಂದು ನೋಡಬಹುದು. ನೀ ನೋಡೂದಿಲ್ಲ ಅಂತ ನನಗ ಗೊತ್ತೈತಿ. ನೋಡಾಕ ಬರತೈತಿ ಅನ್ನೂದ ನನ್ನ ಮಾತು.

ಹೋದ ತಿಂಗಳು ನೀ ಆ್ಯಪ್ ತಗ್ಯೂ ಮಾಸ್ಟರ್ ಪಾಸ್‌ವರ್ಡ್ ಬದಲಿ ಮಾಡಿದಿ. ಆ್ಯಪ್ ತಾ ಮಾಡಬೇಕಾದ್ದನ್ನ ಮಾಡತು, ಹಳೇ ಪಾಸ್‌ವರ್ಡಿನ ಮ್ಯಾಲೆ ನಡದಿದ್ದ ಎಲ್ಲಾ ಫೋನನ್ನೂ ಹೊರಗ ಹಾಕತು. ಅವ್ವ ಆವತ್ತು ಸಂಘದ ಲೆಕ್ಕಾ ನೋಡಾಕ ಕುಂತಿದ್ಲು. "ನನ್ನ ಪುಸ್ತಕ ತಗ್ಯಾಕ ಅವನ್ನ ಕೇಳಬೇಕೇನು?" ಅಂದ್ಲು. ಸಿಟ್ಟಿನಿಂದ ಅಲ್ಲ, ಖರೇವಂದ್ರೂ ತಿಳೀದ ಕೇಳಿದ್ಲು. ಆ ಮಾತಿಗೆ ನನ್ನ ಕಡೆ ಉತ್ತರ ಇರಲಿಲ್ಲ.

ನಿನಗ ಅಲ್ಲೆ ಎಲ್ಲಾ ಸುರಳೀತ ಕಾಣತೈತಿ, ಯಾಕಂದ್ರ ನಿನ್ನ ಫೋನೂ ಲ್ಯಾಪ್‌ಟಾಪೂ ಒಂದ ಕಂಪನೀವು. ಇಲ್ಲೀದು ಕೇಳು. ಬ್ಯಾರೆ ಕಂಪನಿ ಮ್ಯಾನೇಜರಿಗೆ ತಾನಾಗಿ ಪಾಸ್‌ವರ್ಡ್ ತುಂಬೂ ಸೌಲಭ್ಯ ಆಂಡ್ರಾಯ್ಡಿನ್ಯಾಗ ಬಂದದ್ದು 2017ರಾಗ, 8ನೇ ಆವೃತ್ತಿಯಿಂದ, ಐಫೋನಿನ್ಯಾಗ 2018ರಾಗ. ಅವ್ವನ ಫೋನು ಅದಕ್ಕಿಂತ ಹೊಸಾದು, ಹಂಗಾಗಿ ನಡೀಬೇಕು, ನಡೀತೈತಿ ಕೂಡ. ಆದ್ರ ಗೂಗಲಿಂದೂ ತಂದೊಂದು ಪಾಸ್‌ವರ್ಡ್ ಡಬ್ಬಿ ಐತೆಲ್ಲ, ಅದು "ಉಳಸ್ಲೇನು?" ಅಂತ ಮೊದಲ ಕೇಳತೈತಿ. ಅವ್ವ ಯಾರ ಕೇಳಿದ್ರೂ ಹೂಂ ಅಂತಾಳ. ಅರ್ಧ ಪಾಸ್‌ವರ್ಡ್ ಅಲ್ಲಿ, ಅರ್ಧ ಇಲ್ಲಿ. ಬದಲಿ ಮಾಡಿದ್ದು ಒಂದ್ರಾಗ, ಹಳೇದು ಇನ್ನೊಂದ್ರಾಗ. ನೀ ಹಾಕಿಕೊಡೂಮುಂದ ಫೋನಿನ ಸೆಟ್ಟಿಂಗಿನ್ಯಾಗ ಅದನ್ನ ಬಂದ್ ಮಾಡಬೇಕಿತ್ತು. ಈಗ ನಾ ಮಾಡೀನಿ.

ನಾ ಕೂಡೂ ಸೇವಾ ಕೇಂದ್ರದ ಕಂಪ್ಯೂಟರಂತೂ ಇನ್ನೂ ವಿಂಡೋಸ್ 7. ಅದರಾಗ ಕ್ರೋಮ್ 109ಕ್ಕ ನಿಂತೈತಿ, 2023ರ ಶುರುವಿನಿಂದ ಮುಂದ ಹೋಗಿಲ್ಲ. ಅಂಥಾದರಾಗ ನನ್ನ ಸ್ವಂತದ್ದು ಯಾವುದನ್ನೂ ತಗ್ಯಾಂಗಿಲ್ಲ ಅಂತ ನಾನ ಕಟ್ಟು ಹಾಕ್ಕೊಂಡೀನಿ. ಬೇಕಾದ್ರ ಫೋನಿನ್ಯಾಗ ನೋಡಿ ಕೈಲೆ ಹೊಡೀತೀನಿ.

ಅಪ್ಪಂದು ಬಟನ್ ಫೋನು. ಅದಕ್ಕ ಆ್ಯಪೂ ಇಲ್ಲ ಗೀಪೂ ಇಲ್ಲ, ಆದ್ರ ಮನಿ ಎಲ್ಲಾ ನಿಂತಿದ್ದು ಅದರ ಮ್ಯಾಲೆ. ಆಧಾರಿಗೆ, ಬ್ಯಾಂಕಿಗೆ, ರೈತರ ಫ್ರೂಟ್ಸ್ ನೋಂದಣಿಗೆ ಕೊಟ್ಟದ್ದು ಅದ ನಂಬರು. ಬೆಳೆ ವಿಮಾ ತುಂಬಾಕ ಕುಂತಾಗ ಒಟಿಪಿ ಬರೂದು ಹೊಲದಾಗ ಅಪ್ಪನ ಅಂಗಿ ಕಿಸೇಕ್ಕ. ಆಧಾರಿನ ಒಟಿಪಿ ಬಾಳೂದು ಹತ್ತು ನಿಮಿಷ; ಅಪ್ಪ ಕುಂಟಿ ನಿಲ್ಲಿಸಿ, ಕನ್ನಡಕ ಹುಡುಕಿ, ಆರು ಅಂಕಿ ಓದಿ ಹೇಳೂದ್ರಾಗ ಅದು ತೀರಿ ಹೋಗಿರತೈತಿ. ನಿನ್ನ ಮ್ಯಾನೇಜರು ಇದಕ್ಕ ಏನೂ ಮಾಡಾಕ ಬರೂದಿಲ್ಲ. ಯುಪಿಐ ಪಿನ್ನಿನ ಪುಟಾನೂ ಹಂಗ, ಅಲ್ಲಿ ಆ್ಯಪ್ ಕೈ ಹಾಕಾಕ ಆಗೂದಿಲ್ಲ, ಆಗಬಾರದು. ಆದ್ರ ಒಂದು ಕೆಲಸ ನಿನ್ನ ಕೈಯಾಗ ಐತಿ: ಆ ನಂಬರಿನ ರಿಚಾರ್ಜ್ ಎಂದೂ ತಪ್ಪಸಬ್ಯಾಡ. ಬಂದ್ ಆದ ನಂಬರನ್ನ 90 ದಿನ ಆದಮ್ಯಾಲೆ ಕಂಪನೀವ್ರು ಬ್ಯಾರೇದವರಿಗೆ ಕೊಡಬಹುದು. ಆಮ್ಯಾಲೆ ಅಪ್ಪನ ಒಟಿಪಿ ಯಾರದೋ ಕಿಸೇದಾಗ ಬೀಳತೈತಿ.

ಈಗ ಅವ್ವನ ಮಾತಿಗೆ ಬರ್ತೀನಿ. ಕೇಂದ್ರದಾಗ ದಿನಾ ನೋಡತೀನಿ. ಹೆಣಮಕ್ಕಳು ಬಂದು ಫೋನ್ ಕೈಗೆ ಕೊಟ್ಟು "ನೀನ ಏನರ ಹಾಕವಾ, ನೀನ ಬರದಿಟ್ಕೋ, ನನಗ ನೆಪ್ಪ ಉಳಿಯೂದಿಲ್ಲ" ಅಂತಾರ. ಇಲ್ಲಾ "ನಮ್ಮ ಹುಡುಗಗ ಗೊತ್ತೈತಿ, ಕೇಳಿ ಹೇಳತೀನಿ" ಅಂತಾರ. ಗೃಹಲಕ್ಷ್ಮಿ 2023ರ ಆಗಸ್ಟಿನ್ಯಾಗ ಶುರುವಾದಾಗ ತಿಂಗಳಾ 2000 ರೂಪಾಯಿ ಮನಿ ಯಜಮಾನಿ ಹೆಸರಿಗೆ ಬಂತು. ಖಾತೆ ಆಕೀದು, ಹೆಸರು ಆಕೀದು, ಖರೆ ಬ್ಯಾಂಕಿನ ಆ್ಯಪು ಇರೂದು ಮಗನ ಫೋನಿನ್ಯಾಗ, ಪಾಸ್‌ವರ್ಡು ಇರೂದು ಮಗನ ತಲ್ಯಾಗ. ರೊಕ್ಕಾ ಬಂತೋ ಇಲ್ಲೋ ಅಂತ ಆಕಿ ಮಗನ್ನ ಕೇಳಿ ತಿಳಕೊಬೇಕು. ಇದನ್ನ ಎಲ್ಲಾರೂ ಸಹಾಯ ಅಂತಾರ. ನೀನೂ ಅದನ್ನ ಮಾಡಿದಿ, ನಿನ್ನ ಸಹಾಯ ಅಷ್ಟ ಹೊಸಾ ನಮೂನಿದು. ಕಲ್ತ ಮಗ ಮನಿಮಂದಿ ಪಾಸ್‌ವರ್ಡೆಲ್ಲಾ ಹೊಂದಿಸಿ ಇಡೂದು ಚೊಲೊ ಕೆಲಸ. ಆದ್ರ ಅವ್ವನ ಖಾತೆ ಅವ್ವಂದ ಆಗಬೇಕು. ಅದರ ಮಾಸ್ಟರ್ ಪಾಸ್‌ವರ್ಡ್ ನಿನಗೂ ಗೊತ್ತಿರಬಾರದು, ನನಗೂ ಗೊತ್ತಿರಬಾರದು. ಅವ್ವಂದು ಒಂದು ಸಣ್ಣ ಆರ್‌ಡಿ ಐತಿ ಅಂತ ನನಗ ಅನುಮಾನ. ಅಪ್ಪಗ ಗೊತ್ತಿಲ್ಲ. ನಾ ಕೇಳಿಲ್ಲ, ನೀನೂ ಕೇಳಬ್ಯಾಡ.

"ಅವ್ವ ಮರತ್ರ?" ಅಂತೀ. ಖರೇನ, ಇಂಥಾ ಆ್ಯಪಿನ್ಯಾಗ ಮಾಸ್ಟರ್ ಪಾಸ್‌ವರ್ಡ್ ಕಂಪನಿಗೂ ಗೊತ್ತಿರೂದಿಲ್ಲ, ಮರತ್ರ ಅವರ ಕಡಿಂದ ತಗ್ಯಾಕ ಆಗೂದಿಲ್ಲ. ಹಂಗಂತ ಸಡಿಲಾದ್ದು ಇಡೂದೂ ತಪ್ಪು. 2022ರಾಗ ಲಾಸ್ಟ್‌ಪಾಸ್ ಅನ್ನೂ ಇಂಥಾದ ಮ್ಯಾನೇಜರಿನ ಗಿರಾಕಿಗಳ ಸಂದೂಕದ ನಕಲನ್ನ ಕಳ್ಳರು ಎತ್ಕೊಂಡು ಹೋದ್ರು. ಒಳಗಿನ ಪಾಸ್‌ವರ್ಡೆಲ್ಲಾ ಗೂಢಲಿಪ್ಯಾಗ ಇದ್ದುವು, ಆದ್ರ ಕಳ್ಳರ ಕೈಯಾಗ ನಕಲು ಇದ್ದಮ್ಯಾಲೆ ಅವರು ಎಷ್ಟ ಸಲ ಬೇಕಾದ್ರೂ ಊಹೆ ಮಾಡಿ ನೋಡಬಹುದು, ತಡ್ಯಾವ್ರಿಲ್ಲ. ಈ ಊಹೆ ನಿಧಾನ ಆಗಲಿ ಅಂತನ ಆ್ಯಪ್ ಮಾಸ್ಟರ್ ಪಾಸ್‌ವರ್ಡನ್ನ ಲಕ್ಷಗಟ್ಟಲೆ ಸಲ ಲೆಕ್ಕದಾಗ ತಿರುವತೈತಿ. ಪಿಬಿಕೆಡಿಎಫ್2 ಅನ್ನೂ ಪದ್ಧತಿಗೆ ಈಗಿನ ಶಿಫಾರಸು 6 ಲಕ್ಷ ಸಲ. ಎಷ್ಟ ತಿರುವಿದ್ರೂ ಮೂಲ ಪಾಸ್‌ವರ್ಡ್ ಊಹೆಗೆ ಸಿಗೂವಂಗ ಇದ್ರ ಏನೂ ಉಪಯೋಗಿಲ್ಲ. ನಮ್ಮ ಸೀಮ್ಯಾಗ ಭಾಳ ಮಂದೀದು ಒಂದೋ ಕಿತ್ತೂರ, ಇಲ್ಲಾ ಚೆನ್ನಮ್ಮ, ಇಲ್ಲಾ ರಾಯಣ್ಣ, ಅದರ ಹಿಂದ ಕಿತ್ತೂರ ಕಾಳಗದಾಗ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತ ಇಸವಿ 1824. ನಾ ನೋಡದ ಹೇಳಬಲ್ಲೆ. ಅಭಿಮಾನಕ್ಕ ಚೊಲೊ, ಪಾಸ್‌ವರ್ಡಿಗೆ ಅಲ್ಲ.

ಅದಕ್ಕ ನಾ ಒಂದು ಉಪಾಯ ಮಾಡಿದೆ. ಅಮೆರಿಕಾದ ಆರ್ನಾಲ್ಡ್ ರೈನ್‌ಹೋಲ್ಡ್ ಅನ್ನಾಂವ 1995ರಾಗ ಡೈಸ್‌ವೇರ್ ಅಂತ ಪದ್ಧತಿ ಹಾಕಿಕೊಟ್ಟಾನ. ಐದು ದಾಳ ಉರುಳಸೂದು, ಬಂದ ಅಂಕಿಗೆ 7776 ಪದದ ಪಟ್ಟಿಯೊಳಗ ಒಂದು ಪದ ಹುಡುಕೂದು. ಆ ಪಟ್ಟಿ ಇಂಗ್ಲಿಷು. ನಾ ನೂರು ಚೀಟಿ ಕತ್ತರಿಸಿ ಅವ್ವನ ಬಾಯಿಂದನ ನೂರು ಪದ ಹೇಳಿಸಿದೆ: ಒಳ್ಳು, ಬುಟ್ಟಿ, ಪುಂಡಿಪಲ್ಯಾ, ಮಗ್ಗಿ, ಹಂಚು, ಹಿಂಗ ಆಕಿಗೆ ತಟ್ಟನೆ ನೆಪ್ಪಾಗೂವು. ಸೇರಿನ್ಯಾಗ ಹಾಕಿ ಕುಲುಕೂದು, ಒಂದು ತಗ್ಯೂದು, ಬರಕೊಂಡು ವಾಪಸ್ ಹಾಕಿ ಮತ್ತ ಕುಲುಕೂದು. ಆರು ಸಲ. ನೂರನ್ನ ಆರು ಸಲ ಗುಣಿಸಿದ್ರ ಒಂದು ಲಕ್ಷ ಕೋಟಿ ಜೋಡಣಿ ಆಗತಾವು. 7776ರ ಪಟ್ಟಿ ಮುಂದ ಇದು ಸಣ್ಣದ, ಆದ್ರ ಚೆನ್ನಮ್ಮ 1824ರ ಮುಂದ ಭಾಳ ದೊಡ್ಡದು. ಇನ್ನ ಎರಡು ಚೀಟಿ ಹೆಚ್ಚಿಗಿ ತಗಿ ಅಂದ್ರ ಅವ್ವ ಒಲ್ಲೆ ಅಂದ್ಲು, ನಾ ಜುಲುಮಿ ಮಾಡಲಿಲ್ಲ. ಆಕಿ ಚೀಟಿ ತಗ್ಯೂಮುಂದ ನಾ ಹಿತ್ತಲಕ್ಕ ಹೋಗಿ ನಿಂತಿದ್ದೆ.

ತ್ರಾಸು ಬಂದದ್ದು ಟೈಪ್ ಮಾಡೂದ್ರಾಗ. ಪಾಸ್‌ವರ್ಡಿನ ಜಾಗಾದಾಗ ಆಕಿ ಫೋನು ಕನ್ನಡ ಕೀಲಿಮಣಿ ತಗದು ಇಂಗ್ಲಿಷ್ ಅಕ್ಷರ ಇಡತೈತಿ. ಇಟ್ಟಿರದಿದ್ರೂ ಕನ್ನಡ ಲಿಪಿ ಬ್ಯಾಡ ಅಂತಿದ್ದೆ, ಯಾಕಂದ್ರ ನಾಳೆ ಬ್ಯಾರೆ ಫೋನಿನ್ಯಾಗ, ಕಂಪ್ಯೂಟರಿನ್ಯಾಗ ಕನ್ನಡ ಕೀಲಿಮಣಿ ಇರತೈತಂತ ಭರೋಸಾ ಇಲ್ಲ. ಅವ್ವ ಏಳನೇತ್ತಿ ತನಕ ಕಲ್ತಾಕಿ, ಎ ಬಿ ಸಿ ಡಿ ಬರತೈತಿ. ಇಂಗ್ಲಿಷ್ ಅಕ್ಷರದಾಗ ಜ್ವಾಳ ಬರಿ ಅಂತ ಪರೀಕ್ಷಾ ಮಾಡಿದೆ. ನಾ ಆಗಿದ್ರ ಜೆ, ಓ, ಎಲ್, ಎ ಬರೀತಿದ್ದೆ. ಆಕಿ ತಾ ಮಾತಾಡಿದಂಗ ಜೆ, ವಿ, ಎ, ಎಲ್, ಎ ಬರದ್ಲು. ಒಂದು ತಾಸು ಬಿಟ್ಟು ಕೇಳಿದೆ, ಮತ್ತ ಹಂಗ. ಮರದಿನ ಕೇಳಿದೆ, ಹಂಗ. ಆಕಿ ಕಾಗುಣಿತ ಆಕಿಗೆ ಗಟ್ಟಿ ಐತಿ. ನೀ ಬಂದು ಮ್ಯಾಲೆ ತಿದ್ದಾಕ ಹೋಗಬ್ಯಾಡ.

ಆರು ಪದಾನ ಅವ್ವ ಕಾಗದದ ಮ್ಯಾಲೆ ಬರದು ಎಲ್ಲೋ ಇಟ್ಟಾಳ. ಕಾಗದ ಅಂದ ಕೂಡಲೆ ಹಾರಾಡಬ್ಯಾಡ. ಕಂಪ್ಯೂಟರಿಗೆ ಪಾಸ್‌ವರ್ಡ್ ಅನ್ನೂದನ್ನ ತಂದ ಫರ್ನಾಂಡೋ ಕೋರ್ಬಾಟೋ, 1960ರ ದಶಕದ ಶುರುವಿನ್ಯಾಗ ಎಂಐಟಿಯೊಳಗ ಒಂದ ಯಂತ್ರಾನ ಭಾಳ ಮಂದಿ ಹಂಚಿಕೊಳ್ಳೂ ವ್ಯವಸ್ಥಾ ಕಟ್ಟಿದಾಂವ, ಮುಪ್ಪಿನಕಾಲಕ್ಕ ತನ್ನ ಪಾಸ್‌ವರ್ಡೆಲ್ಲಾ ಮೂರು ಹಾಳಿ ಮ್ಯಾಲೆ ಟೈಪ್ ಮಾಡಿ ಇಟ್ಕೊಂಡಿದ್ದ. ದೊಡವಾಡದಾಗ ನಮ್ಮ ಟ್ರಂಕಿಗೆ ಕೈ ಹಾಕೂ ಕಳ್ಳ ಬಂದ್ರ ಬಂಗಾರ ನೋಡತಾನ, ಚೀಟಿ ನೋಡೂದಿಲ್ಲ. ಆ್ಯಪಿನ ಕಳ್ಳ ಟ್ರಂಕಿನ ತನಕ ಬರೂದಿಲ್ಲ.

ಬೆರಳಚ್ಚು ಇಟ್ಟು ತಗ್ಯೂದನ್ನೂ ಹಚ್ಚಿ ನೋಡಿದೆ. ರೊಟ್ಟಿ ಬಡದು ಬಡದು ಅವ್ವನ ಬೆರಳು ಸವದಾವ, ಹತ್ತು ಸಲ ಇಟ್ರ ಒಂದು ಸಲ ಹಿಡೀತೈತಿ. ಅದಕ್ಕ ಪಿನ್ ಇಟ್ಟೀನಿ. ಬೆರಳಾಗಲಿ ಪಿನ್ ಆಗಲಿ ಆ ಒಂದ ಫೋನಿನ ಬಾಗಲಾ ಅಷ್ಟ, ಫೋನ್ ಕೆಟ್ಟು ಹೊಸಾದು ತಂದ್ರ ಮಾಸ್ಟರ್ ಪಾಸ್‌ವರ್ಡ್ ಬೇಕ ಬೇಕು. ದಿನಾ ಪಿನ್ ಹೊಡದ್ರ ಮಾಸ್ಟರ್ ಪಾಸ್‌ವರ್ಡ್ ಮರೀತೈತಿ. ಹಂಗಾಗಿ ಸೋಮವಾರಕ್ಕೊಮ್ಮೆ ಬಸವಣ್ಣನ ಗುಡಿಗೆ ಹೋಗಿ ಬಂದ ಮ್ಯಾಲೆ ಆರೂ ಪದ ಹೊಡೀಬೇಕು ಅಂತ ಮಾತು ಮಾಡೀವಿ. ಗುಡಿ ತಪ್ಪೂದಿಲ್ಲ, ಇದೂ ತಪ್ಪೂದಿಲ್ಲ.

ಇನ್ನ ನೀ ಮಾಡೂದು. ಅವ್ವನ ಹೊಸಾ ಖಾತೆ ತಯಾರೈತಿ, ನಿನ್ನ ಖಾತೆ ಆಕಿ ಫೋನಿನಿಂದ ತಗದೀನಿ. ಆಕಿಯ ಪಾಸ್‌ವರ್ಡ್ ಇನ್ನೂ ನಿನ್ನ ಖಾತ್ಯಾಗ ಅದಾವ. ಅವನ್ನ ಅಳಸು, ಕಸದ ಬುಟ್ಟಿಯಿಂದಾನೂ ಅಳಸು. ಅಳಸಿದಮ್ಯಾಲೆ ಹೇಳು, ಬ್ಯಾಂಕಿಂದು ಮೊದಲ ಮಾಡಿ ಎಲ್ಲಾನೂ ಆಕಿ ಕೈಲೆ ಹೊಸಾದು ಮಾಡಸ್ತೀನಿ. ಮನಿದು ಅಂತ ಇರೂವು, ಹೆಸ್ಕಾಂ, ಗ್ಯಾಸು, ಟಿವಿ ರಿಚಾರ್ಜ್, ಇಂಥಾವಷ್ಟ ಮೂವರೂ ಹಂಚಿಕೊಳ್ಳೂ ಕಪಾಟಿನ್ಯಾಗ ಇರಲಿ. ಹಣ ಕಟ್ಟಿದ ಖಾತೆಗೆ ತುರ್ತು ಪ್ರವೇಶ ಅಂತ ಒಂದು ಸೌಲಭ್ಯ ಸಿಗತೈತಂತ ಓದೀನಿ: ನಾ ಕೇಳಿಕೊಂಡ್ರ ಆ್ಯಪ್ ಅವ್ವಗ ತಿಳಸತೈತಿ, ಆಕಿ ಬ್ಯಾಡ ಅನ್ನದಿದ್ರ ಹೇಳಿದಷ್ಟು ದಿನ ಕಾಯ್ದು ಆಮ್ಯಾಲೆ ನನಗ ಬಾಗಲಾ ತಗೀತೈತಿ. ಅವ್ವ ಒಪ್ಪಿದ್ರ ಅದನ್ನ ಮಾಡೋಣು, ರೊಕ್ಕಾ ನೀ ಕಟ್ಟು. ಯಾರ ಹೆಸರು ಕೊಡಬೇಕು, ಎಷ್ಟ ದಿನ ಇಡಬೇಕು ಅನ್ನೂದನ್ನ ಆಕಿನ ಹೇಳಲಿ.

ಮತ್ತೊಂದು. ಪಂಚಮಿ ಮುಂದ ಹಳೇ ಪಾಸ್‌ವರ್ಡೆಲ್ಲಾ ಒಂದು ಸಿಎಸ್‌ವಿ ಫೈಲ್ ಮಾಡಿ ವಾಟ್ಸಾಪಿನ್ಯಾಗ ನನಗ ಕಳಿಸಿದ್ದಿ ನೋಡು, ಅದಕ್ಕ ಕೀಲಿ ಇಲ್ಲ ಬೀಗ ಇಲ್ಲ, ಎಕ್ಸೆಲಿನ್ಯಾಗ ತಗದ್ರ ಎಲ್ಲಾ ಬರೇ ಅಕ್ಷರ. ನನ್ನ ಫೋನಿನಿಂದ ಅಳಸೀನಿ. ನಿನ್ನ ಲ್ಯಾಪ್‌ಟಾಪಿನ ಡೌನ್‌ಲೋಡ್ಸಿನ್ಯಾಗೂ ಇರತೈತಿ, ವಾಟ್ಸಾಪ್ ಬ್ಯಾಕಪ್ಪಿನ್ಯಾಗೂ ಇರತೈತಿ. ಈ ಕಾಗದ ಓದಿದ ಕೂಡಲೆ ಮೊದಲ ಅದನ್ನ ಮಾಡು, ಉಳಿದದ್ದು ಆಮ್ಯಾಲೆ.

ದೀಪಾವಳಿಗೆ ಬರೂಮುಂದ ಅವ್ವಗ ಒಂದು ಚಾರ್ಜರ್ ತಗೊಂಡ ಬಾ, ಈಗಿಂದು ವಾಯರ್ ಸುತ್ತಿ ಹಿಡಕೊಂಡ್ರಷ್ಟ ಚಾರ್ಜ್ ಆಗತೈತಿ. ಅಪ್ಪಗ ಬಟನ್ ಫೋನಿನ ಬ್ಯಾಟರಿ ಬೇಕಂತ, ನಂಬರ್ ನೋಡಿ ವಾಟ್ಸಾಪಿಗೆ ಹಾಕತೀನಿ. ಅದನ್ನ ಯಾರ ನೋಡಿದ್ರೂ ಅಡ್ಡಿಲ್ಲ.

ನಿನ್ನ
ಅಕ್ಕ