ಬಿಸಿ ಸೀಟಿಗೊಂದು ಊರಿನ ಹೆಸರು

ಲಂಡನ್ನಿನ ಫೆನ್‌ಚರ್ಚ್ ಸ್ಟ್ರೀಟ್ ನಿಲ್ದಾಣದಲ್ಲಿ ರೈಲು ಹತ್ತಿ ಪೂರ್ವಕ್ಕೆ ಹೊರಟರೆ ಗಂಟೆಯೊಂದು ದಾಟುವ ಹೊತ್ತಿಗೆ ಹಳಿಯೇ ಮುಗಿದುಹೋಗುತ್ತದೆ. ಥೇಮ್ಸ್ ನದಿ ಸಮುದ್ರ ಸೇರುವ ಕಡೆಯ ಆ ಕೊನೆಯ ಊರು ಶೂಬರಿನೆಸ್. ಇಳಿತದ ವೇಳೆ ದೂರದವರೆಗೂ ಕೆಸರು, ಪಕ್ಕದಲ್ಲಿ ಸೇನೆಯವರು ಫಿರಂಗಿ ಪರೀಕ್ಷಿಸುವ ಬಯಲು. ಹೆಚ್ಚಿನ ಪ್ರವಾಸಿಗಳು ಹಿಂದಿನ ಸೌತೆಂಡ್‌ನಲ್ಲೇ ಇಳಿದುಬಿಡುತ್ತಾರೆ.

ಆದರೆ ಈ ಹೆಸರಿಗೆ ಇನ್ನೊಂದು ಅರ್ಥವೂ ಉಂಟು. ಬಸ್ಸಿನಲ್ಲಿ ಸೀಟು ಸಿಕ್ಕಿತೆಂದು ಕೂತಿರಿ ಅನ್ನಿ. ಎದ್ದುಹೋದವರ ಮೈಬಿಸಿ ಸೀಟಿನಲ್ಲಿ ಇನ್ನೂ ಆರಿಲ್ಲ. ಆಗಿನ ಇರಿಸುಮುರಿಸೇ ‘ಶೂಬರಿನೆಸ್’! ಹೀಗೆಂದವರು ಡಗ್ಲಸ್ ಆಡಮ್ಸ್ ಮತ್ತು ಜಾನ್ ಲಾಯ್ಡ್, 1983ರಲ್ಲಿ ಬಂದ ‘ದಿ ಮೀನಿಂಗ್ ಆಫ್ ಲಿಫ್’ ಎಂಬ ತಮಾಷೆಯ ನಿಘಂಟಿನಲ್ಲಿ. ಎಲ್ಲರಿಗೂ ಆಗುವ, ಆದರೆ ಹೆಸರಿಲ್ಲದ ಪೇಚುಗಳಿಗೆ ಕೈಮರಗಳ ಮೇಲೆ ಸುಮ್ಮನೆ ನಿಂತಿದ್ದ ಊರ ಹೆಸರುಗಳನ್ನು ಅವರು ಗಂಟು ಹಾಕಿದರು. ಲಿಫ್ ಕೂಡ ಸ್ಕಾಟ್ಲೆಂಡಿನ ಡಂಡೀ ಬಳಿಯ ಒಂದು ಹಳ್ಳಿಯೇ.

ಆಯ್ಕೆಯಲ್ಲಿ ಜಾಣತನವಿದೆ. ಶೂಬರಿನೆಸ್‌ನ ‘ನೆಸ್’ ಎಂದರೆ ಭೂಶಿರ. ಸ್ಯಾಡ್‌ನೆಸ್, ಕೈಂಡ್‌ನೆಸ್‌ಗಳ ‘ನೆಸ್’ ಬೇರೆಯದೇ. ಆದರೂ ಕಿವಿಗೆ ಎರಡೂ ಒಂದೇ ಆದ್ದರಿಂದ ಊರು ಕೇಳಿದರೆ ಯಾವುದೋ ಭಾವನೆಯಂತೆ ಕೇಳಿಸುತ್ತದೆ. ಲಂಡನ್ನಿನ ನೈರುತ್ಯಕ್ಕಿರುವ ವೋಕಿಂಗ್‌ನಲ್ಲಿ ಭೋಪಾಲದ ಬೇಗಂ ಷಾಜಹಾನರ ಹೆಸರಿನ, 1889ರ ಮಸೀದಿಯಿದೆ. ನಿಘಂಟಿನಲ್ಲಿ ಮಾತ್ರ ವೋಕಿಂಗ್ ಎಂದರೆ ಅಡುಗೆಮನೆಗೆ ಬಂದು, ಯಾತಕ್ಕೆ ಬಂದೆನಪ್ಪಾ ಎಂದು ನಿಲ್ಲುವುದು. ‘ಇಂಗ್’ ಇದೆಯಲ್ಲ, ಕ್ರಿಯಾಪದವಾಯಿತು!

ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಕೊರಿಯಾರ್ಕ್ಲೆಟ್‌ಗೆ ಸಿಕ್ಕಿದ್ದು ಕಾಲೇಜು ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಪೇಚು. ಉದ್ದನೆಯ ಕಾರಿಡಾರಿನ ಆ ತುದಿಯಲ್ಲಿ ಮೇಷ್ಟ್ರು, ಈ ತುದಿಯಲ್ಲಿ ನೀವು. ಇಬ್ಬರಿಗೂ ಗುರುತು ಸಿಕ್ಕಿದೆ, ಆದರೆ ಈಗಲೇ ನಕ್ಕರೆ ಹತ್ತಿರ ಬರುವವರೆಗೂ ನಗುತ್ತಲೇ ಇರಬೇಕು. ಆದ್ದರಿಂದ ಇಬ್ಬರೂ ಕಾಣದವರಂತೆ ನಟಿಸುವ ಆ ಗಳಿಗೆ.

ಕನ್ನಡ ಮಾಧ್ಯಮದಿಂದ ಬಂದ ಹುಡುಗ ಇಂಥಲ್ಲಿ ತಡವರಿಸಿದರೆ ತನ್ನ ಇಂಗ್ಲಿಷೇ ಸಾಲದೆಂದು ಕುಗ್ಗುತ್ತಾನೆ. ಮನೆಯವರು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟುತ್ತಾರೆ. ಕಟ್ಟಲಿ, ಬೇಡವೆನ್ನುವುದಿಲ್ಲ. ಆದರೆ ನೋಡಿ, ಆಡಮ್ಸ್, ಲಾಯ್ಡ್ ಇಬ್ಬರೂ ಕೇಂಬ್ರಿಜ್‌ನಲ್ಲಿ ಓದಿದವರು. ಅವರಿಗೂ ಇಲ್ಲಿ ಪದ ಸಿಗದೆ ಊರ ಹೆಸರನ್ನೇ ಕಡ ತರಬೇಕಾಯಿತು. ‘ದಾಕ್ಷಿಣ್ಯ’ಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕಿ ನೋಡಿ, ಗೊತ್ತಾದೀತು.

ಈ ಆಟಕ್ಕೆ ಲಂಡನ್ನಿಗೇ ಹೋಗಬೇಕಿಲ್ಲ. ಬೆಂಗಳೂರು–ತುಮಕೂರು ರೈಲಿನಲ್ಲಿ ಮಕ್ಕಳ ಜೊತೆ ಕಿಟಕಿ ಪಕ್ಕ ಕೂತರೂ ಸಾಕು. ದಾರಿಯಲ್ಲಿ ದೊಡ್ಡಬೆಲೆ ಎಂಬ ನಿಲ್ದಾಣವಿದೆ. ಅಂಗಡಿಯವ ಹತ್ತು ಸೀರೆ ಬಿಚ್ಚಿ ಹರವಿದ ಮೇಲೆ ರೇಟು ಕೇಳಿ, ಕೊಳ್ಳಲೂ ಆಗದೆ ಏಳಲೂ ಆಗದೆ ಕೂತಿರುತ್ತೇವಲ್ಲ, ಅದಕ್ಕೆ ಇಟ್ಟುಕೊಳ್ಳಬಹುದು.