ಇಸಿಜಿ ಸರಿಯಾಗಿಯೇ ಇತ್ತು

ರಾತ್ರಿ ಊಟ ಮುಗಿದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಹತ್ತನೇ ತರಗತಿಯ ಹುಡುಗಿ ಪುಸ್ತಕ ಹಿಡಿದು ಕುಳಿತಿದ್ದಳು. ಒಳಗಿನಿಂದ ಅಪ್ಪ ಎದೆ ನೀವಿಕೊಳ್ಳುತ್ತ ಬಂದರು. ನೋವೇನೂ ಅಷ್ಟಿಲ್ಲ, ಎದೆಯ ಮೇಲೆ ಒರಳುಕಲ್ಲು ಇಟ್ಟ ಹಾಗಿದೆ ಎಂದರು. ದವಡೆಯೂ ಎಡತೋಳೂ ಸೆಳೆಯುತ್ತಿದ್ದವು. ಬನಿಯನ್ ಬೆವರಿನಿಂದ ತೊಯ್ದಿತ್ತು. ‘ಗ್ಯಾಸ್ ಇರಬೇಕು’ ಎಂದು ಅಮ್ಮ ಓಮದ ನೀರು ಕೊಟ್ಟರು. ನಮ್ಮ ಮನೆಗಳಲ್ಲಿ ಎದೆನೋವಿಗೆ ಮೊದಲ ವೈದ್ಯ ಓಮದ ನೀರೇ ತಾನೆ!

ಮಗಳ ಹಟಕ್ಕೆ ಆಟೋ ಬಂತು. ಆಸ್ಪತ್ರೆ ಸೇರಿದೊಡನೆ ಇಸಿಜಿ ಮಾಡಿದರು. ಎದೆನೋವೆಂದು ಬಂದವರಿಗೆ ಹತ್ತು ನಿಮಿಷದೊಳಗೆ ಆಗಬೇಕಾದ ಪರೀಕ್ಷೆ ಇದು. ಗುಂಡಿಗೆ ಬಡಿದಾಗಲೆಲ್ಲ ಹುಟ್ಟುವ ವಿದ್ಯುತ್ತು ಚರ್ಮದ ಮೇಲೆ ಸಿಗುವುದು ಸುಮಾರು ಒಂದು ಮಿಲಿವೋಲ್ಟ್ ಮಾತ್ರ. ಇದನ್ನು ಅಳೆಯಲು ಹಾಲೆಂಡಿನ ಐಂಥೋವನ್ ರೋಗಿಯ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಸುತ್ತಿದ್ದರು! 1924ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಅಪ್ಪನ ಇಸಿಜಿ ಸರಿಯಾಗಿಯೇ ಇತ್ತು. ಅವರು ಅಂಗಿ ತೊಡತೊಡಗಿದರು. ಬೆಳಿಗ್ಗೆ ಆರಕ್ಕೆ ಡ್ಯೂಟಿ.

‘ಕೂತ್ಕೊಳ್ಳಿ ಯಜಮಾನ್ರೆ’ ಎಂದರು ವೈದ್ಯರು. ಪ್ರಶ್ನೆಗಳು ಅಪ್ಪನಿಗೆ, ಉತ್ತರ ಮಾತ್ರ ಅಮ್ಮನದು. ಸಿಗರೇಟು? ದಿನಕ್ಕೊಂದು ಪ್ಯಾಕು. ಸಕ್ಕರೆ ಕಾಯಿಲೆ? ಆರು ವರ್ಷದಿಂದ, ಮಾತ್ರೆ ನೆನಪಾದ ದಿನ. ರಕ್ತದೊತ್ತಡ? ನೋಡಿಸಿಯೇ ಇಲ್ಲ. ಮನೆತನದಲ್ಲಿ? ದೊಡ್ಡಪ್ಪ ಐವತ್ತಕ್ಕೇ ಎದೆನೋವಿನಿಂದ ತೀರಿಕೊಂಡಿದ್ದರು.

ಇವು ಹರಟೆಯ ಪ್ರಶ್ನೆಗಳಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ಸಾವಿರಾರು ಜನರನ್ನು ವರ್ಷಾನುಗಟ್ಟಲೆ ಗಮನಿಸಿ ಕಂಡುಕೊಂಡ ಅಪಾಯದ ಅಂಶಗಳು ಇವುಗಳಲ್ಲಿವೆ. 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನವಂತೂ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಇತರರಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆಂದು ತೋರಿಸಿತು. ಅಪ್ಪನಿಗೆ ಆಗ ಐವತ್ತೆರಡು.

ಹಾಗಾದರೆ ಇಸಿಜಿ ಸುಳ್ಳು ಹೇಳಿತೇ? ಇಲ್ಲ. ಹೆಪ್ಪುಗಟ್ಟಿದ ರಕ್ತ ಹೃದಯದ ನಾಳವನ್ನು ಪೂರ್ತಿ ಮುಚ್ಚಿದರೆ ಸಾಮಾನ್ಯವಾಗಿ ಇಸಿಜಿಯ ಗೆರೆ ಒಂದೆಡೆ ಮೇಲೇಳುತ್ತದೆ. ಆಗ ಒಂದು ನಿಮಿಷವನ್ನೂ ಕಳೆಯುವಂತಿಲ್ಲ. ಅರೆಬರೆ ಮುಚ್ಚಿದ್ದರೆ ಗೆರೆ ಏನೂ ಆಗದಂತೆ ಇರಬಹುದು. ಅದಕ್ಕೇ ಇಸಿಜಿಯನ್ನು ಮತ್ತೆ ಮತ್ತೆ ತೆಗೆಯುತ್ತಾರೆ, ರಕ್ತದಲ್ಲಿ ಟ್ರೊಪೋನಿನ್ ನೋಡುತ್ತಾರೆ. ಇದು ಹೃದಯದ ಸ್ನಾಯುವಿನೊಳಗಿನ ಪ್ರೋಟೀನು. ಸ್ನಾಯು ಸಾಯತೊಡಗಿದರೆ ರಕ್ತಕ್ಕೆ ಸೋರುತ್ತದೆ, ಆದರೆ ಅಳತೆಗೆ ಸಿಗಲು ಕೆಲವು ಗಂಟೆ ಬೇಕಾಗಬಹುದು. ಮೂತ್ರಪಿಂಡದ ಕಾಯಿಲೆಯಲ್ಲೂ ಅದು ಹೆಚ್ಚಿರಬಹುದಾದ್ದರಿಂದ, ಎಷ್ಟಿದೆ ಎನ್ನುವುದರ ಜೊತೆಗೆ ಏರುತ್ತಿದೆಯೇ ಎಂಬುದನ್ನೂ ನೋಡಬೇಕು.

ಅಪ್ಪ ಗೊಣಗುತ್ತಲೇ ಮಲಗಿದರು. ಮೊದಲ ರಕ್ತಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಮೂರು ಗಂಟೆಯ ನಂತರ ಇನ್ನೊಂದು. ಆಸ್ಪತ್ರೆಯ ಬೆಂಚಿನ ಮೇಲೆ ತಾಯಿ, ಮಗಳು ಮಾತಿಲ್ಲದೆ ಕುಳಿತಿದ್ದರು. ಬೆಳಗಿನ ಜಾವ ಚೀಟಿ ಬಂತು: ಟ್ರೊಪೋನಿನ್ ಏರಿತ್ತು. ಆ ಹೊತ್ತಿಗೆ ಮನೆಗೆ ಹೋಗಿದ್ದರೆ ಅವರು ಬಸ್‌ನಿಲ್ದಾಣದಲ್ಲಿ ಇರುತ್ತಿದ್ದರು.

ಮರುದಿನ ದೊಡ್ಡ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕಿದರು. ನೋಡಲು ಬಂದ ಚಿಕ್ಕಪ್ಪನಿಗೂ ಸಕ್ಕರೆ, ರಕ್ತದೊತ್ತಡ ಪರೀಕ್ಷಿಸಿಕೊಳ್ಳಲು ವೈದ್ಯರು ಹೇಳಿದರು. ಅವರಿನ್ನೂ ಹೋಗಿಲ್ಲ. ಹುಡುಗಿ ವಾರಕ್ಕೊಮ್ಮೆ ಫೋನು ಮಾಡಿ ಕೇಳುತ್ತಿದ್ದಾಳೆ.