ಸುನೌಲಿಯ ಕಮಾನು

ಯಶವಂತಪುರದಲ್ಲಿ ಗೋರಖಪುರದ ರೈಲು ಹತ್ತುವ ಹಲವರ ಪ್ರಯಾಣ ಗೋರಖಪುರಕ್ಕೆ ಮುಗಿಯುವುದಿಲ್ಲ. ನಮ್ಮ ಅಪಾರ್ಟ್‌ಮೆಂಟುಗಳ ಗೇಟು ಕಾಯುವವರು, ಹೋಟೆಲುಗಳಲ್ಲಿ ಒಲೆ ಮುಂದೆ ಬೇಯುವವರು ಅಲ್ಲಿಂದ ಬಸ್ಸು ಹಿಡಿದು ಗಡಿಯೂರು ಸುನೌಲಿಗೆ ಹೋಗುತ್ತಾರೆ. ಹೋದ ಚಳಿಗಾಲದಲ್ಲಿ ನಾನೂ ಅವರ ಜೊತೆ ಹೋದೆ.

ಹಿಮಾಲಯದ ತಪ್ಪಲಿನ ತೆರಾಯಿ ಬಯಲಲ್ಲಿ ಪುಟ್ಟ ಊರು. ಲಾರಿಗಳ ಸಾಲು, ದುಡ್ಡು ಬದಲಿಸುವ ಅಂಗಡಿಗಳು. ಕಮಾನು ದಾಟಿದರೆ ನೇಪಾಳ. ನಮಗೂ ಅವರಿಗೂ ವೀಸಾ ಬೇಕಿಲ್ಲ, 1950ರ ಒಪ್ಪಂದದ ದೊಡ್ಡ ಕೊಡುಗೆ ಅದು. ಗಡಿಯಾರ 15 ನಿಮಿಷ ಮುಂದೆ, ನಮ್ಮ 100 ರೂಪಾಯಿಗೆ ಅವರ 160. ಅದು ಬಿಟ್ಟರೆ ಅದೇ ಮಣ್ಣು, ಅದೇ ಮಂಜು. ಬೆನ್ನಿಗೆ ಚೀಲ ಹೊತ್ತವರು ಕಮಾನು ದಾಟಿದೊಡನೆ ಮನೆಗೆ ಫೋನು ಮಾಡುತ್ತಿದ್ದರು. ಅವರ ಮುಖ ನೋಡಿ ನನ್ನ ಕಣ್ಣು ತುಂಬಿತು.

ಲುಂಬಿನಿ ಅಲ್ಲಿಗೆ ಹತ್ತಿರ. ಬುದ್ಧ ಇಲ್ಲಿ ಹುಟ್ಟಿದ್ದರಿಂದ ಈ ಊರಿನ ಕಂದಾಯ ಇಳಿಸಿದ್ದೇನೆ ಎಂದು ಅಶೋಕ ಬರೆಸಿದ ಕಂಬ ಇನ್ನೂ ನಿಂತಿದೆ. ಅದರ ಮುಂದೆ ನನಗೆ ನೆನಪಾದದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿ. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂದು ಖಚಿತವಾದದ್ದು 1915ರಲ್ಲಿ ಅಲ್ಲಿ ಸಿಕ್ಕ ಬಂಡೆಗಲ್ಲಿನಿಂದ. ಲುಂಬಿನಿಯಲ್ಲೂ ಮಸ್ಕಿಯಲ್ಲೂ ಅದೇ ಬ್ರಾಹ್ಮಿ ಲಿಪಿ.

ನಿಮ್ಮ ಗೇಟು ಕಾಯುವ ಅಣ್ಣ ನೇಪಾಳದವರಾದರೆ, ಅವರ ಊರು ಯಾವುದೆಂದು ಇವತ್ತೇ ಕೇಳಿ.